ಮೂರನೇ ಹಂತದಲ್ಲಿ ಹದಿನೇಳು ಸಲ ಮುಳುಗಿದೆ

ರಂಸೀನಾ,
ನಿನ್ನ ಆಟ ಆಡಿದೆ.
ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ
ದಿನಕ್ಕೆ ಮೂವತ್ತು ಸಲ ಹೋಗಿ ಬರುವವ ನಾನು
ನಿನ್ನ ಅಂಗೈಯಗಲದ ಹೊಳೆಯಲ್ಲಿ
ಒಂದೇ ಸಂಜೆ ಹದಿನೇಳು ಸಲ ಮುಳುಗಿದೆ.
ನಗಬೇಡ.

ಟಿಕೆಟಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ,
ಹಾಗಾಗಿ ಸಾಲುಗಳು ಗಿಡ್ಡ.

ಮೊದಲು ಒಳ್ಳೆಯದು ಹೇಳಬೇಕಂತೆ, ಲ್ಯಾನ್ಸಿಯ ಮಗಳು ಹೇಳಿದಳು.
ಹೇಳುತ್ತೇನೆ, ಬಾಯುಪಚಾರಕ್ಕಲ್ಲ:
ಬೂತಾಯಿ ಬುಟ್ಟಿಯ ಹೆಂಗಸು ಕಾಲಿಟ್ಟ ಕೂಡಲೇ
ದೋಣಿ ಒಂದು ಬದಿಗೆ ವಾಲಿ
ಎದುರು ಕೂತವರೆಲ್ಲ ಒಟ್ಟಿಗೇ ಕಾಲು ಊರುತ್ತಾರಲ್ಲ,
ಅದನ್ನು ಯಾವಾಗ ನೋಡಿದೆ?
ಮೂರು ವರ್ಷ ಕಾಲೇಜಿಗೆ ಹೋಗುವಾಗ
ಕಿವಿಗೆ ವಯರು ಸಿಕ್ಕಿಸಿ ತಲೆ ತಗ್ಗಿಸಿ ಕೂತವಳು ನೀನು.
ನಿದ್ದೆ ಅಂದುಕೊಂಡಿದ್ದೆ.

ಇನ್ನು ಬೈಗುಳ.
ತಿರುಗಿಸುವ ಗುಂಡಿ ತೀರ ಸಣ್ಣದು ಮಾರಾಯ್ತಿ.
ನನ್ನ ಹೆಬ್ಬೆರಳು ಹಗ್ಗ ಎಳೆದದ್ದು,
ಒಂದನ್ನು ಒತ್ತಲು ಹೋದರೆ ಮೂರನ್ನು ಒತ್ತುತ್ತದೆ.
ಬಲಕ್ಕೆ ಹೋಗಬೇಕಾದವ
ಹಾರ್ನ್ ಹೊಡೆಯುತ್ತ ಮುಳುಗುತ್ತೇನೆ.

ಮುಳುಗಿದಾಗೆಲ್ಲ 'ಸೋತಿರಿ' ಅಂತ
ಅಷ್ಟು ದಪ್ಪ ಕೆಂಪಕ್ಷರ ಯಾಕೆ?
ಗೊತ್ತುಂಟು. ನೀರಲ್ಲೇ ಇದ್ದೇನೆ.
ಅದರ ಬದಲು ಜೆಟ್ಟಿಯಲ್ಲಿ ಯಾರಾದರೊಬ್ಬರು
ಬೈರಾಸು ಹಿಡಿದು ನಿಂತಿರಲಿ,
ಏನೂ ಮಾತಾಡದೆ.

ಮೂರನೇ ಹಂತದಲ್ಲಿ ಭರತ
ಕಳ್ಳನ ಹಾಗೆ ಬರುತ್ತದೆ.
ನಮ್ಮ ಹೊಳೆ ಹಾಗೆ ಮಾಡುವುದಿಲ್ಲ.
ಕಟ್ಟಿ ಹಾಕಿದ ದೋಣಿಗಳು ಒಂದೊಂದೇ
ಅಳಿವೆ ಕಡೆ ಮೂತಿ ತಿರುಗಿಸುತ್ತವೆ,
ಬೆಳಿಗ್ಗೆ ಕೆಳಗೆ ಹೋದ ತೆಂಗಿನ ಸಿಪ್ಪೆ
ಮರೆತ ಕೊಡೆಗೆ ಬಂದವರ ಹಾಗೆ ವಾಪಸು ಬರುತ್ತದೆ.
ಇಷ್ಟು ಹೇಳಿಯೇ ನೀರು ಏರುವುದು,
ಕೇಳಿಸಿಕೊಳ್ಳದೆ ಮುಳುಗಿದರೆ ನಮ್ಮ ಕರ್ಮ.
ನಿನ್ನ ಆಟ ಕಷ್ಟ ಇರಲಿ, ಇನ್ನೂ ಕಷ್ಟ ಮಾಡು,
ಒಂದು ಸಿಪ್ಪೆ ಮಾತ್ರ ತೇಲಿಬಿಡು.

ಇಂಜಿನ್ ಸದ್ದು ಯಾರದ್ದೋ.
ನಮ್ಮದು ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ,
ಲ್ಯಾನ್ಸಿ ಕೊಂಕಣಿಯಲ್ಲಿ ಏನೋ ಅಂದ ಮೇಲೆಯೇ ಹಿಡಿಯುವುದು.
ಬೇಕಾದರೆ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಬಂದು
ಫೋನು ಹಿಡಿದು ಕೂರು, ಟಿಕೆಟ್ ಬೇಡ.
ತಡಿ, ತೆಗೆದುಕೋ. ಈ ವಾರ ಚೆಕ್ಕಿಂಗ್ ಉಂಟು.

ಲ್ಯಾನ್ಸಿಯೂ ಆಡಿದ.
'ಇದಕ್ಕೇ ನನಗೆ ಸಂಬಳ ಕೊಡುತ್ತಾರೆ,
ಪುಕ್ಕಟೆ ಯಾಕೆ ಮಾಡಲಿ' ಅಂತ ಎರಡನೇ ಹಂತದಲ್ಲೇ ಬಿಟ್ಟ.
ಬೇಜಾರು ಮಾಡಬೇಡ.
ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳಿದ:
'ಆ ಸೈಕಲ್ಲನ್ನು ಎಲ್ಲಿ ಇಡುವುದು?'

ಇನ್ನೊಂದು ಉಂಟು, ಹೇಳುವುದೋ ಬೇಡವೋ.
ನೀಲಿ ಕೊಡೆಯ ಅಜ್ಜಿ ಇಳಿಯುವುದೇ ಇಲ್ಲ.
ಎಲ್ಲರೂ ಹೋದ ಮೇಲೂ ಹಿಂದಿನ ಬೆಂಚಿನಲ್ಲಿ
ಆಚೆ ದಡ, ಈಚೆ ದಡ,
ಪುನಃ ಆಚೆ.
ನಿನ್ನ ಲೆಕ್ಕದಲ್ಲಿ ಎಲ್ಲೋ ತಪ್ಪಿರಬೇಕು.
ಸರಿ ಮಾಡುವುದು ನಿನ್ನ ಕೆಲಸ,
ತೋರಿಸುವುದು ನನ್ನದು, ತೋರಿಸಿದೆ.
ಆದರೆ ಎರಡನೇ ಸಲ ಅವರ ಹತ್ತಿರ
ನಾನು ದುಡ್ಡು ಕೇಳಲಿಲ್ಲ.
ಕೇಳದಿದ್ದರೂ ಆಟ ಮುಂದೆ ಹೋಯಿತು.

ನಾಲ್ಕನೇ ಹಂತದಲ್ಲಿ ಎಂತ ಉಂಟು, ಹೇಳಬೇಡ.
ಭಾನುವಾರ ಬೀಚಿಗೆ ಜನ ಜಾಸ್ತಿ,
ಸೋಮವಾರ ನೋಡುತ್ತೇನೆ.

ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಸಣ್ಣ ಅಕ್ಷರದಲ್ಲಿ,
ಅಲ್ಲಿ 'ಪರೀಕ್ಷಿಸಿದವರು' ಅಂತೆಲ್ಲ ಬೇಡ.
ಮುಳುಗಿದವರು: ಪುರಂದರ ಮೆಂಡನ್,
ಲ್ಯಾನ್ಸಿ ಕುಟಿನ್ಹಾ.
ಅವನಿಗೆ ಹೇಳಬೇಡ,
ತಾನೇ ಅಲ್ಲಿಯವರೆಗೆ ಆಡಿ ನೋಡಲಿ.